ಓದುಗರ ಪ್ರಶ್ನೆ: ನೀರು ಸರಿಯಿದ್ದರೆ ಮೀನೂ ಸರಿಯೇ?

ಪ್ರಶ್ನೆ: ಕಾರ್ಖಾನೆ ಪಕ್ಕದ ಕೊಲ್ಲಿಯ ನೀರಲ್ಲಿ ಪಾದರಸ ಮಿತಿಯೊಳಗೇ ಇದೆಯಂತೆ. ಹಾಗಿದ್ರೆ ಅಲ್ಲಿನ ಮೀನು ತಿನ್ನೋಕೆ ಯಾಕೆ ಹೆದರಬೇಕು?

ಉತ್ತರ: ನೀರಿನ ವರದಿಯೊಂದನ್ನೇ ನೋಡಿ ಧೈರ್ಯ ತಂದುಕೊಳ್ಳಬೇಡಿ. ಪಾದರಸದ ಬಹುಪಾಲು ತಳದ ಕೆಸರಿಗೆ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಅದರಲ್ಲಿ ಒಂದಷ್ಟನ್ನು ಮೀಥೈಲ್ ಮರ್ಕ್ಯುರಿ ಮಾಡುತ್ತವೆ, ಅಂದರೆ ಜೀವಿಗಳ ಮೈಯಲ್ಲಿ ಸುಲಭವಾಗಿ ಸೇರಿಕೊಳ್ಳುವ ಪಾದರಸದ ವಿಷಕಾರಿ ರೂಪ. ಅದು ಪಾಚಿಯಿಂದ ಸಣ್ಣ ಜೀವಿಗೆ, ಅಲ್ಲಿಂದ ಸಣ್ಣ ಮೀನಿಗೆ, ಆಮೇಲೆ ದೊಡ್ಡದಕ್ಕೆ ಹೋಗುತ್ತಾ ಜಾಸ್ತಿಯಾಗುತ್ತಲೇ ಇರುತ್ತದೆ, ಕೊನೆಗೆ ಬೇರೆ ಮೀನು ತಿಂದು ಬದುಕುವ ದೊಡ್ಡ ಮೀನಿನಲ್ಲಿ ಸುತ್ತಲಿನ ನೀರಿಗಿಂತ ಲಕ್ಷಾಂತರ ಪಟ್ಟು ಹೆಚ್ಚಿರಬಹುದು. ತೊಳೆದರೂ ಬೇಯಿಸಿದರೂ ಹೋಗಲ್ಲ, ಮಾಂಸದಲ್ಲೇ ಸೇರಿಕೊಂಡಿರುತ್ತದೆ.

ಜಪಾನಿನ ಮಿನಮಾಟ ಊರಿನಲ್ಲೂ ವಿಷ ಜನರಿಗೆ ತಲುಪಿದ್ದು ಹೀಗೆ ಕೊಲ್ಲಿಯ ಮೀನಿನಿಂದಲೇ, ಆದರೆ ಅಲ್ಲಿ ಮೀಥೈಲ್ ಮರ್ಕ್ಯುರಿ ಕಾರ್ಖಾನೆಯ ಕೊಳಚೆಯಲ್ಲೇ ಇತ್ತು. ಆ ಮೀನು ತಿಂದ ಬೆಕ್ಕುಗಳು ಗಿರಗಿರನೆ ತಿರುಗಿ ಬಿದ್ದು ಸಾಯುತ್ತಿದ್ದವು. 1956ರಲ್ಲಿ ಮನುಷ್ಯರ ಕಾಯಿಲೆ ಅಧಿಕೃತವಾಗಿ ವರದಿಯಾಯಿತು. 1959ರಲ್ಲಿ, ಆ ಕಾರ್ಖಾನೆ ನಡೆಸುತ್ತಿದ್ದ ಚಿಸ್ಸೊ ಕಂಪನಿಯ ಆಸ್ಪತ್ರೆಯ ವೈದ್ಯ ಹಾಜಿಮೆ ಹೊಸೊಕಾವಾ, ಕಾರ್ಖಾನೆಯ ಕೊಳಚೆಯನ್ನೇ ಆಹಾರಕ್ಕೆ ಬೆರೆಸಿ ಬೆಕ್ಕಿಗೆ ತಿನ್ನಿಸಿ ನೋಡಿದರು. ಬೆಕ್ಕಿಗೆ ಅದೇ ಕಾಯಿಲೆ ಬಂತು. ಕಂಪನಿ ಅದನ್ನು ಮುಚ್ಚಿಟ್ಟಿತು, ಕೊಳಚೆ ಬಿಡುವುದು 1968ರವರೆಗೂ ನಡೆದೇ ಇತ್ತು. ಆ ಒಂಬತ್ತು ವರ್ಷ ನೆನೆದರೆ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ. ಆ ಮೀನು ತಿಂದ ತಾಯಂದಿರಲ್ಲಿ ಲಕ್ಷಣ ಅಷ್ಟಾಗಿ ಕಾಣದಿದ್ದರೂ ಕೆಲವರ ಮಕ್ಕಳು ಮಿದುಳಿಗೆ ಹಾನಿಯಾಗಿಯೇ ಹುಟ್ಟಿದರು.

ಹಾಗಾಗಿ ಕೆಸರು, ಮೀನು ಎರಡನ್ನೂ ಪರೀಕ್ಷೆ ಮಾಡಿಸಿ ಅಂತ ಪಟ್ಟು ಹಿಡಿಯಿರಿ. ಫಲಿತಾಂಶ ಬರುವ ತನಕ ಗರ್ಭಿಣಿಯರು, ಚಿಕ್ಕ ಮಕ್ಕಳು ಅಲ್ಲಿನ ಮೀನು ತಿನ್ನುವುದು ಬೇಡ.

ಪ್ರಶ್ನೆ: ನನ್ನ ಗಂಡ ಪಾದರಸ ಬಳಸುವ ಘಟಕದಲ್ಲಿ ಕೆಲಸ ಮಾಡ್ತಾರೆ. ಈಚೆಗೆ ಬೆರಳು ನಡುಗುತ್ತೆ, ಮರೆವು, ಸಣ್ಣದಕ್ಕೂ ಸಿಟ್ಟು. ವಯಸ್ಸಾಯ್ತು ಅಷ್ಟೇ ಅಂತಾರೆ.

ಉತ್ತರ: ವಯಸ್ಸು ಅಂತ ಸುಮ್ನೆ ಕೂರಬೇಡಿ. ನಡುಕ, ಮರೆವು, ಸಿಡುಕು, ಒಸಡು ಊತ, ಇವು ಪಾದರಸದ ಆವಿ ಉಸಿರಾಡಿದವರಲ್ಲಿ ಕಾಣುವ ಲಕ್ಷಣಗಳು. ಆವಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಹಾಗಾಗಿ ಗೊತ್ತೇ ಆಗುವುದಿಲ್ಲ. ವೈದ್ಯರಿಗೆ ಕೆಲಸ ಏನೆಂದು ಬಿಡಿಸಿ ಹೇಳಿ, ಮೂತ್ರದಲ್ಲಿ ಪಾದರಸದ ಪರೀಕ್ಷೆ ಮಾಡಿಸಿ. ಕೆಲಸದ ಬಟ್ಟೆ, ಬೂಟು ಕಾರ್ಖಾನೆಯಲ್ಲೇ ಉಳಿಯಲಿ, ಇದು ಮುಖ್ಯ. ಹೊಲಿಗೆಯಲ್ಲಿ ಸಿಕ್ಕಿಕೊಂಡ ಒಂದು ಹನಿ ಮನೆಗೆ ಬಂದರೆ ಅಲ್ಲೂ ಆವಿಯಾಗುತ್ತದೆ. ಚೆಲ್ಲಿದ್ದನ್ನು ಪೊರಕೆಯಿಂದಾಗಲಿ ವ್ಯಾಕ್ಯೂಮ್ ಕ್ಲೀನರ್‌ನಿಂದಾಗಲಿ ತೆಗೆಯಬಾರದು, ಇನ್ನೂ ಹರಡುತ್ತದೆ.

ಪ್ರಶ್ನೆ: ಪಾದರಸ ಇಲ್ಲದೆ ಕಾರ್ಖಾನೆ ನಡೆಯಲ್ವಾ?

ಉತ್ತರ: ಬಹಳ ಕಡೆ ನಡೆಯುತ್ತೆ. ಕ್ಲೋರಿನ್, ಕಾಸ್ಟಿಕ್ ಸೋಡಾ ತಯಾರಿಗೆ ಪಾದರಸದ ಬದಲು ತೆಳು ಪೊರೆ ಬಳಸುವ ಮೆಂಬ್ರೇನ್ ವಿಧಾನ ಬಂದು ದಶಕಗಳಾದವು. ಪಾದರಸಕ್ಕೆ ಕಡಿವಾಣ ಹಾಕಲು 2017ರಲ್ಲಿ ಜಾರಿಗೆ ಬಂದ ಅಂತಾರಾಷ್ಟ್ರೀಯ ಮಿನಮಾಟ ಒಪ್ಪಂದ, ಈ ಉದ್ಯಮದಲ್ಲಿ ಪಾದರಸ ನಿಲ್ಲಿಸಲು 2025ರ ಗಡುವು ಕೊಟ್ಟಿತ್ತು. ಕಲ್ಲಿದ್ದಲು ಸುಡುವ ಕಡೆ ಕಷ್ಟ ಬೇರೆ, ಪಾದರಸ ಕಲ್ಲಿದ್ದಲಿನಲ್ಲೇ ಇರುತ್ತದೆ. ಹೊಗೆಗೆ ಇಂಗಾಲದ ಪುಡಿ ಊದಿ ಸಾಕಷ್ಟು ಹಿಡಿಯಬಹುದು, ಆದರೆ ಹಿಡಿದದ್ದು ಆ ಪುಡಿಯಲ್ಲಿ, ಬೂದಿಯಲ್ಲಿ ಕೂರುತ್ತದೆ. ಆದ್ದರಿಂದ ಚಿಮಣಿಯ ಅಂಕಿ ತೋರಿಸಿದಾಗ, ಬೂದಿ ಎಲ್ಲಿ ಸುರಿಯುತ್ತೀರಿ ಅಂತಲೂ ಕೇಳಿ.