ಹಳೆ ಗಲಭೆಯ ಸಾಕ್ಷಿಗಳನ್ನು ಆನ್‌ಲೈನ್‌ಗೆ ಹಾಕೋದು ಸರಿಯಾ?

ಪ್ರಶ್ನೆ: ಐರ್ಲೆಂಡಿನ 1641ರ ದಂಗೆಯ ಸಾಕ್ಷಿ ಹೇಳಿಕೆಗಳನ್ನು ಆನ್‌ಲೈನ್‌ಗೆ ಹಾಕಿದ್ದಾರಂತೆ. ಸುಮ್ನೆ ಹಳೆ ದ್ವೇಷ ಕೆದಕಿದಂತೆ ಆಗಲ್ವಾ ಸರ್? ಅವನ್ನೆಲ್ಲ ನಂಬಬಹುದಾ?
– ಇತಿಹಾಸ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಮರೆತಿದ್ದರೆ ತಾನೇ ಕೆದಕೋದು? ಅದು ಪ್ರಾಟೆಸ್ಟೆಂಟ್ ವಲಸಿಗರ ವಿರುದ್ಧ ಐರಿಷ್ ಕ್ಯಾಥೊಲಿಕರು ಎದ್ದ ದಂಗೆ. 1641ರ ನವೆಂಬರ್‌ನಲ್ಲಿ ಪೋರ್ಟಡೌನ್ ಎಂಬ ಊರಿನಲ್ಲಿ ದಂಗೆಕೋರರು ಸುಮಾರು ನೂರು ಪ್ರಾಟೆಸ್ಟೆಂಟರನ್ನು ಬ್ಯಾನ್ ನದಿಗೆ ತಳ್ಳಿ ಕೊಂದರು. ಉತ್ತರ ಐರ್ಲೆಂಡಿನ ಪ್ರಾಟೆಸ್ಟೆಂಟರ ಮೆರವಣಿಗೆಯ ಬ್ಯಾನರ್‌ಗಳಲ್ಲೂ ಆ ಚಿತ್ರ ಬಂದಿದೆ. ಜನಕ್ಕೆ ಕಥೆ ಗೊತ್ತಿತ್ತು, ದಾಖಲೆ ಮಾತ್ರ ಸಿಗುತ್ತಿರಲಿಲ್ಲ.

ದಾಖಲೆ ಅಂದರೆ ಸುಮಾರು 8,000 ಹೇಳಿಕೆಗಳು. 1741ರಿಂದ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿವೆ. 1646ರಲ್ಲೇ ಜಾನ್ ಟೆಂಪಲ್ ಎಂಬಾತ ಅತಿ ಘೋರವಾದವನ್ನೇ ಆರಿಸಿ ಅಚ್ಚು ಹಾಕಿಸಿದ. ಸತ್ತವರು ಲಕ್ಷಗಟ್ಟಲೆ ಎಂದ. ಇಂದಿನ ಇತಿಹಾಸಕಾರರ ಲೆಕ್ಕ ಸಾವಿರಗಳಲ್ಲಿದೆ. 2010ರಿಂದ ಪ್ರತಿ ಪುಟದ ಚಿತ್ರವೂ ಅದರ ಅಕ್ಷರ ರೂಪವೂ ಜೊತೆಗೇ ಸಿಗುತ್ತವೆ. ಹಳೆ ಕಾಗುಣಿತವನ್ನೂ ತಿದ್ದಿಲ್ಲ, ಗೀಟು ಹಾಕಿದ ಸಾಲನ್ನೂ ಬಿಟ್ಟಿಲ್ಲ.

ಆ ಗೀಟುಗಳದ್ದೇ ಒಂದು ದೊಡ್ಡ ಜಗಳ. ಹೊಡೆದು ಹಾಕಿದ್ದಾರೆ ಅಂದಮೇಲೆ ಹೇಳಿಕೆಯೇ ಸುಳ್ಳು ಎಂದು ಕೆಲವರು ವಾದಿಸಿದ್ದರು. ಆಮೇಲೆ ನೋಡಿದರೆ, ಪ್ರತಿ ಮಾಡುವಾಗ ಬೇಡವಾದ ಭಾಗಕ್ಕೆ ಗುಮಾಸ್ತರು ಗೀಟು ಎಳೆದಿದ್ದರು, ಅಷ್ಟೇ. ಹೆಚ್ಚಾಗಿ ಆಸ್ತಿ ನಷ್ಟದ ಪಟ್ಟಿಗಳು! ನನ್ನನ್ನು ಕೇಳಿದರೆ ಅವೇ ಜಾಸ್ತಿ ಬೆಲೆಯುಳ್ಳವು. ದನ, ಧಾನ್ಯ, ಬರಬೇಕಾದ ಸಾಲ, ಆ ಸಾಲಗಾರರ ಹೆಸರು ಎಲ್ಲ ಅಲ್ಲಿದೆ. ಯಾರು ಯಾರ ಜೊತೆ ವ್ಯವಹಾರ ಮಾಡಿಕೊಂಡು ಬದುಕಿದ್ದರು ಎಂಬುದು ಕಾಣುತ್ತದೆ.

ನಂಬಿಕೆ ವಿಷಯಕ್ಕೆ ಬಂದರೆ, ಹೇಳಿಕೆ ಬರೆಸಿಕೊಂಡವರು ಮೊದಲಿಗೆ ಪ್ರಾಟೆಸ್ಟೆಂಟ್ ಪಾದ್ರಿಗಳು. ಹೇಳಿದವರೂ ಬಹುತೇಕ ಅವರ ಕಡೆಯವರೇ. ಕ್ಯಾಥೊಲಿಕರ ನೋವು ಅಲ್ಲಿ ಬಲು ಕಡಿಮೆ. ಎಷ್ಟೇ ಸ್ಕ್ಯಾನ್ ಮಾಡಿದರೂ ಆ ಕೊರತೆ ತುಂಬಲ್ಲ. ಪೋರ್ಟಡೌನ್ ಕೊಲೆಗಳಲ್ಲಿ ಐದು ಮಕ್ಕಳನ್ನು ಕಳೆದುಕೊಂಡ ತಾಯಿಯೊಬ್ಬಳು, ನದಿಯಲ್ಲಿ ಹೆಣ್ಣಿನ ಪ್ರೇತವೊಂದು ಸೇಡು, ಸೇಡು ಎಂದು ಕೂಗುವುದನ್ನು ಕಂಡೆ ಎಂದು ಪ್ರಮಾಣ ಮಾಡಿದ್ದಾಳೆ. ಪ್ರೇತವನ್ನು ನಾನು ನಂಬಲ್ಲ. ಹಾಗಂತ ಮಕ್ಕಳು ಹೋದದ್ದನ್ನು ಅನುಮಾನಿಸೋಕೆ ಆಗುತ್ತಾ?

ಹಾಗಾಗಿ ಪುಟ ತೆರೆದಾಗ ಎರಡು ವಿಷಯ ಗಮನಿಸಿ. ಕಣ್ಣಾರೆ ಕಂಡದ್ದಾ, ಯಾರೋ ಹೇಳಿದ್ದಾ? ಆಮೇಲೆ ತಾರೀಖು. ಕೆಲವು ಹೇಳಿಕೆಗಳು ಹತ್ತು ವರ್ಷ ಕಳೆದ ಮೇಲೆ, 1650ರ ದಶಕದಲ್ಲಿ, ಆರೋಪಿಗಳ ವಿಚಾರಣೆಗೆಂದೇ ಬರೆಸಿಕೊಂಡವು.