ಮುಗುಡು, ಕಾರಿ, ತೇಡೆ: ಕಾಸರಗೋಡಿನ ತೋಡಿಗೆ ಗಾಳ ಹಾಕುವ ಮುಂಚೆ

ಕಾಸರಗೋಡಿಗೆ ಕೆಲಸಕ್ಕೆ ಬಂದಿದ್ದೀರಿ, ಮನೆ ಹತ್ತಿರದ ತೋಡಿನಲ್ಲಿ (ಸಣ್ಣ ಹಳ್ಳದಲ್ಲಿ) ಗಾಳ ಹಾಕುವ ಆಸೆ ಇದೆ, ಮೀಸೆ ಇರುವ ಮೀನು ಸಿಕ್ಕರೆ ಹೇಗೆ ಹಿಡಿದುಕೊಳ್ಳೋದು ಅಂತ ಕೇಳಿದ್ದೀರಿ. ಗಾಳದ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ಮೀನಿನ ಹೆಸರು ಕಲಿತುಕೊಳ್ಳಿ. ಅದೂ ಒಂದೇ ಭಾಷೆಯಲ್ಲಿ ಕಲಿತರೆ ಸಾಲದು.

ನಮ್ಮದು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಜಾಗ. ನಮ್ಮ ಮನೆಯಲ್ಲಿ ತುಳು, ನಾನು ಕಲಿತದ್ದು ಕನ್ನಡ ಶಾಲೆಯಲ್ಲಿ, ಪೇಟೆಗೆ ಹೋದರೆ ಮಲಯಾಳ. ಮೀನಿಗೂ ಹಾಗೇ ಮನೆಗೊಂದು ಹೆಸರು. ಗದ್ದೆ, ತೋಡಿನಲ್ಲಿ ಸಿಗುವ ದಪ್ಪ ತಲೆಯ ಮೀನು ತುಳುವಿನಲ್ಲಿ ಮುಗುಡು, ಮಲಯಾಳದಲ್ಲಿ ಮುಷಿ. ಚಂದ್ರಗಿರಿ, ಶಿರಿಯ ಹೊಳೆಗಳು ಕಡಲು ಸೇರುವ ಅಳಿವೆಯಲ್ಲಿ ಸಿಗುವುದು ತೇಡೆ. ಅದನ್ನೇ ಮಲಯಾಳದವರು ಏಟ್ಟ ಅನ್ನುತ್ತಾರೆ. ಇನ್ನೊಂದು ಇದೆ, ಕಾರಿ. ಸಣ್ಣದು, ತೆಳ್ಳಗೆ, ಕೆಂಪು ಕಪ್ಪು ಮೈ. ಕನ್ನಡದಲ್ಲಿ ಅದಕ್ಕೆ ಚೇಳುಮೀನು ಅಂತ ಇಟ್ಟಿದ್ದಾರಲ್ಲ, ಸರಿಯಾಗಿಯೇ ಇಟ್ಟಿದ್ದಾರೆ.

ನನಗೆ ಆಗ ಹತ್ತು ವರ್ಷ ಇರಬಹುದು. ಬೇಸಿಗೆಯಲ್ಲಿ ಗದ್ದೆ ಬದಿಯ ಹೊಂಡದ ನೀರು ಮೊಗೆದು ಹಾಕಿ ಮೀನು ಹಿಡಿಯುತ್ತಿದ್ದೆವು. ಕೆಸರಿನಲ್ಲಿ ಕಪ್ಪಗೆ ಏನೋ ಮಿಸುಕಿತು. ದಂಡೆಯ ಮೇಲಿದ್ದ ನೆರೆಮನೆಯ ಇಚ್ಚ (ಅಂದರೆ ಅಣ್ಣ) "ಕಾರಿ! ಕಾರಿ!" ಅಂತ ಕೂಗಿದರು. ನನಗೆ ಆಗ ಮಲಯಾಳ ಸರಿಯಾಗಿ ಬರುತ್ತಿರಲಿಲ್ಲ. ಕರಿ ಮೀನು, ಹಿಡಿ ಅಂತಿದ್ದಾರೆ ಅಂದುಕೊಂಡೆ. ಎರಡೂ ಕೈ ಹಾಕಿದೆ. ಹೆಬ್ಬೆರಳಿನ ಬುಡಕ್ಕೆ ಚುಚ್ಚಿತು. ಗಾಯ ಅಂದರೆ ಸೂಜಿ ತಾಗಿದಷ್ಟೇ. ಉರಿ ಮಾತ್ರ ಮೊಣಕೈ ದಾಟಿ ಹೆಗಲಿಗೆ ಹತ್ತಿತು. ಇಚ್ಚ ನನ್ನನ್ನು ಹೊತ್ತುಕೊಂಡು ಮನೆಗೆ ಓಡಿದರು. ಅಮ್ಮ ಬಚ್ಚಲಿನ ಹಂಡೆಯಿಂದ ಬಿಸಿನೀರು ಬಕೆಟಿಗೆ ಸುರಿದು, ಹದ ನೋಡಿ, ನನ್ನ ಕೈ ಮುಳುಗಿಸಿ ಹಿಡಿದರು. ಅರ್ಧ ಗಂಟೆಗೆ ನೋವು ಇಳಿಯಿತು.

ಅಮ್ಮ ಮಾಡಿದ್ದೇ ಸರಿಯಾದ ಚಿಕಿತ್ಸೆ ಅಂತ ಆಮೇಲೆ ಗೊತ್ತಾಯಿತು. ಈ ಮೀನಿನ ಮುಳ್ಳಿನ ನಂಜು ಬಿಸಿಗೆ ಕೆಡುತ್ತದೆ. ಸುಮಾರು 45 ಡಿಗ್ರಿ, ಅಂದರೆ ಕೈ ತಾಳುವಷ್ಟು ಬಿಸಿ, ಅರ್ಧ ಗಂಟೆಯಿಂದ ಒಂದೂವರೆ ಗಂಟೆವರೆಗೆ. ಬಿಸಿ ನೋಡುವುದು ಚುಚ್ಚದ ಕೈಯಲ್ಲಿ. ನೋವಿರುವ ಕೈಗೆ ಬಿಸಿ ತಿಳಿಯುವುದಿಲ್ಲ, ಸುಟ್ಟುಕೊಳ್ಳುತ್ತೀರಿ. ಆಮೇಲೆ ಸೋಪು ಹಾಕಿ ತೊಳೆದು ಡಾಕ್ಟರ ಹತ್ತಿರ ಹೋಗಿ, ಟಿಟಿ ಇಂಜೆಕ್ಷನ್ ಬೇಕಾ ಕೇಳಿ. ಮುಳ್ಳಿಗೆ ಗರಗಸದ ಹಾಗೆ ಹಲ್ಲು ಇರುತ್ತದೆ, ತುದಿ ಒಳಗೇ ಮುರಿದು ಉಳಿದರೆ ಕೀವು ಆಗುತ್ತದೆ. ಉಸಿರು ಕಟ್ಟಿದ ಹಾಗೆ, ತಲೆ ತಿರುಗಿದ ಹಾಗೆ ಆದರೆ ಬಿಸಿನೀರಿಗೂ ಕಾಯಬೇಡಿ, ಸೀದಾ ಆಸ್ಪತ್ರೆಗೆ.

ಹೊರಗಿನವರು ಮೀಸೆಗೆ ಹೆದರುತ್ತಾರೆ. ಮೀಸೆ ಏನೂ ಮಾಡುವುದಿಲ್ಲ, ಕೆಸರಿನಲ್ಲಿ ತಿನ್ನೋದನ್ನು ಹುಡುಕಲು ಇರುವುದು ಅಷ್ಟೇ. ಮುಳ್ಳು ಇರುವುದು ಕಿವಿರಿನ ಹಿಂದಿನ ಎರಡು ರೆಕ್ಕೆಗಳ ಮುಂದಂಚಿನಲ್ಲಿ. ತೇಡೆಗೆ ಬೆನ್ನಿನ ಮೇಲೆ ಇನ್ನೊಂದು. ಮೀನು ಹೆದರಿದಾಗ ಈ ಮುಳ್ಳನ್ನು ಅಡ್ಡಕ್ಕೆ ಬಿಡಿಸಿ ಬೀಗ ಹಾಕಿದ ಹಾಗೆ ನಿಲ್ಲಿಸುತ್ತದೆ, ನೀವು ಒತ್ತಿದರೂ ಮಡಚುವುದಿಲ್ಲ. ತೇಡೆಯಂತೂ ಕೊರ್ ಕೊರ್ ಅಂತ ಸದ್ದು ಮಾಡುತ್ತದೆ. ಆ ಸದ್ದು ಕೇಳಿದರೆ ಕೈ ತಡೆದು ನಿಲ್ಲಿ.

ಹಿಡಿಯುವ ಕ್ರಮ ಹೀಗೆ. ದಾರ ಎತ್ತಿ ಮೀನನ್ನು ನೆಲಕ್ಕೆ ಇಳಿಸಿ. ಒದ್ದೆ ಗೋಣಿ ತುಂಡು ಮೇಲೆ ಹಾಕಿ. ಕೈ ಬಾಲದ ಕಡೆಯಿಂದ ಮುಂದೆ ಬರಬೇಕು, ತಲೆ ಕಡೆಯಿಂದ ಅಲ್ಲ. ಹೆಬ್ಬೆರಳು ಒಂದು ಮುಳ್ಳಿನ ಹಿಂದೆ, ತೋರುಬೆರಳು ಇನ್ನೊಂದು ಮುಳ್ಳಿನ ಹಿಂದೆ, ಅಂಗೈ ಹೊಟ್ಟೆಯ ಕೆಳಗೆ. ಆಗ ಮೀನು ಎಷ್ಟು ಕೊಸರಿದರೂ ಮುಳ್ಳು ನಿಮ್ಮ ಬೆರಳಿನ ಮುಂದೆಯೇ ಇರುತ್ತದೆ. ಗಾಳ ಬಿಡಿಸಲು ಇಕ್ಕಳ ಬೇಕೇ ಬೇಕು. ನುಂಗಿಬಿಟ್ಟಿದ್ದರೆ ದಾರ ಕತ್ತರಿಸಿ, ಬಾಯಿಗೆ ಬೆರಳು ಹಾಕಬೇಡಿ. ಹವಾಯಿ ಚಪ್ಪಲಿಯಲ್ಲಿ ಮೆಟ್ಟಿ ಹಿಡಿಯುವವರನ್ನು ನೋಡಿದ್ದೇನೆ. ಅದು ತುಂಬಾ ಅಪಾಯ, ಮುಳ್ಳು ಚಪ್ಪಲಿ ತೂರಿ ಕಾಲಿಗೆ ಬರುತ್ತದೆ. ಇನ್ನು, ಕಾರಿಯನ್ನು ಹೊಸಬರು ಕೈಯಲ್ಲಿ ಹಿಡಿಯಲೇ ಬಾರದು. ಇಕ್ಕಳವೇ ಸಾಕು. ಸತ್ತ ಮೀನಿನ ಮುಳ್ಳೂ ಚುಚ್ಚುತ್ತದೆ, ಹಾಗಾಗಿ ಅಡುಗೆಮನೆಗೆ ಕೊಡುವ ಮುಂಚೆ ಇಕ್ಕಳದಲ್ಲಿ ಮುರಿದು ಕೊಡಿ. ಮೈಯ ಲೋಳೆ ಹೋಗಲು ಒಲೆಯ ಬೂದಿ ಹಾಕಿ ಉಜ್ಜಿದರೆ ಆಯಿತು.

ಗಾಳಕ್ಕೆ ದೊಡ್ಡ ಸಾಮಾನು ಏನೂ ಬೇಡ. ಬಿದಿರಿನ ಕೋಲು, ಗಟ್ಟಿ ನೈಲಾನ್ ದಾರ, ಒಂದು ಸಣ್ಣ ಈಯದ ಗುಂಡು, ಎರೆಹುಳು. ಕೋಳಿ ಕರುಳೂ ಆಗುತ್ತದೆ. ಮುಗುಡು ತಳದಲ್ಲಿ ತಿನ್ನುವ ಮೀನು, ಎರೆ ಕೆಸರಿಗೆ ತಾಗಿರಬೇಕು. ಕತ್ತಲಾಗುವ ಹೊತ್ತಿಗೆ ಚೆನ್ನಾಗಿ ಕಚ್ಚುತ್ತದೆ.

ಒಂದು ಮಾತ್ರ ಕೈಮುಗಿದು ಕೇಳುತ್ತೇನೆ. ಜೂನ್ ತಿಂಗಳ ಮೊದಲ ನೆರೆಗೆ ಮೀನುಗಳು ಮೊಟ್ಟೆ ಇಡಲು ತೋಡು ಹತ್ತಿ ಗದ್ದೆಗೆ ಬರುತ್ತವೆ. ನಾವು ಅದಕ್ಕೆ ಉಬರ್ ಅನ್ನುತ್ತೇವೆ, ಮಲಯಾಳದಲ್ಲಿ ಊತ್ತ. ಆಗ ಬಲೆ, ಕತ್ತಿ ಹಿಡಿದು ಊರೇ ತೋಡಿಗೆ ಇಳಿಯುತ್ತಿತ್ತು, ನಾನೂ ಇಳಿದಿದ್ದೇನೆ. ಕೇರಳದ 2010ರ ಒಳನಾಡು ಮೀನುಗಾರಿಕೆ ಕಾನೂನಿನ ಪ್ರಕಾರ ಅದು ಅಪರಾಧ. ಕಾನೂನು ಬಿಡಿ, ಹೊಟ್ಟೆ ತುಂಬ ಮೊಟ್ಟೆ ಇರುವ ಮುಗುಡನ್ನು ಹಿಡಿದರೆ ಮುಂದಿನ ವರ್ಷಕ್ಕೆ ಏನು ಉಳಿಯುತ್ತದೆ? ನಮ್ಮ ಈ ಮುಗುಡು ಪಶ್ಚಿಮ ಘಟ್ಟದ ನೀರಿನದ್ದೇ ಜಾತಿ. ಸಾಕಲು ತಂದು ಹೊಳೆಗೆ ತಪ್ಪಿಸಿಕೊಂಡ ಆಫ್ರಿಕನ್ ಮುಷಿ ಬೇರೆ ಅದರ ಜಾಗ ತಿನ್ನುತ್ತಿದೆ. ಅದು ಸಿಕ್ಕರೆ ವಾಪಸ್ ನೀರಿಗೆ ಬಿಡಬೇಡಿ.

ನೀವು ಮಳೆ ಬಿಟ್ಟ ಮೇಲೆ, ಡಿಸೆಂಬರ್ ಹೊತ್ತಿಗೆ ಹೋಗಿ. ಆಗ ತೋಡಿಗೆ ಅಡ್ಡ ಕಲ್ಲು ಮಣ್ಣಿನ ಕಟ್ಟ ಹಾಕಿರುತ್ತಾರೆ, ನೀರು ನಿಂತಿರುತ್ತದೆ, ಜಾರುವ ಭಯವೂ ಕಡಿಮೆ. ತೋಟದವರ ಹತ್ತಿರ ಒಂದು ಮಾತು ಕೇಳಿಯೇ ಇಳಿಯಿರಿ. ಮೀನು ಹಾಕಲು ಪ್ಲಾಸ್ಟಿಕ್ ಚೀಲ ಬೇಡ, ಮುಚ್ಚಳ ಇರುವ ಬಕೆಟ್ ಒಯ್ಯಿರಿ. ಮುಗುಡು ಗಾಳಿಯಲ್ಲೂ ಉಸಿರಾಡುತ್ತದೆ. ಮುಚ್ಚಳ ಇಲ್ಲದಿದ್ದರೆ ನೀವು ಎರೆ ಚುಚ್ಚಿ ತಿರುಗುವಷ್ಟರಲ್ಲಿ ಹುಲ್ಲಿನ ಮೇಲೆ ತೆವಳಿಕೊಂಡು ತೋಡು ಸೇರಿರುತ್ತದೆ.