ನಕಲಿ ಜೇನಿನ ರುಚಿ ಹಿಡಿಸಿದರೆ ನಷ್ಟ ಯಾರಿಗೆ?

ನೀವು ಕೇಳಿದ್ದು: "ಮಡಿಕೇರಿ ದಾರಿಯಲ್ಲಿ ಅಗ್ಗಕ್ಕೆ ಒಂದು ಬಾಟಲಿ ಜೇನು ತಗೊಂಡೆ. ನಕಲಿ ಅಂತ ಗೆಳೆಯರು ನಗುತ್ತಿದ್ದಾರೆ. ಆದರೆ ಮಕ್ಕಳಿಗೆ ರುಚಿ ಹಿಡಿಸಿದೆ. ಖೋಟಾ ನೋಟು ಯಾಕೆ ಮೋಸ ಅಂತ ಗೊತ್ತು, ಇದರಲ್ಲಿ ಯಾರಿಗೆ ನಷ್ಟ?"

ನನಗೆ. ವಿರಾಜಪೇಟೆ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಅದರೊಳಗೆ ಒಂದಷ್ಟು ತುಡುವೆ ಜೇನಿನ (ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನುಹುಳ) ಪೆಟ್ಟಿಗೆ ಇಟ್ಟಿದ್ದೇವೆ.

ಮೊದಲು ನೋಟಿನ ವಿಷಯ ಮುಗಿಸೋಣ. ಖೋಟಾ ನೋಟು ಕೈಯಿಂದ ಕೈಗೆ ಓಡಾಡುವ ತನಕ ಯಾರಿಗೂ ಬಿಸಿ ತಟ್ಟುವುದಿಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಸಿಕ್ಕಿಬಿದ್ದ ದಿನ ಅದನ್ನು ಕಟ್ಟಲು ಹೋದವರ ತಲೆಗೆ ಬರುತ್ತದೆ. ಬ್ಯಾಂಕಿನವರು ಖೋಟಾ ಅಂತ ಮುದ್ರೆ ಒತ್ತಿ ಇಟ್ಟುಕೊಳ್ಳುತ್ತಾರೆ, ಒಂದು ರಸೀದಿ ಕೊಡುತ್ತಾರೆ, ಬದಲಿ ಹಣ ಒಂದು ಪೈಸೆಯೂ ಇಲ್ಲ. ಒಂದೇ ಸಲಕ್ಕೆ ಐದು ಅಥವಾ ಹೆಚ್ಚು ನೋಟು ಸಿಕ್ಕರೆ ವಿಷಯ ಕೂಡಲೇ ಪೊಲೀಸರಿಗೆ ಹೋಗುತ್ತದೆ. ಈ ಭಯಕ್ಕೇ ಗೋಣಿಕೊಪ್ಪದ ಸಂತೆಯಲ್ಲಿ ಸೊಪ್ಪು ಮಾರುವವರೂ 500ರ ನೋಟನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಅಂದರೆ ಸರ್ಕಾರಕ್ಕೆ ಕೋಟ್ಯಂತರ ಜನ ಪುಕ್ಕಟೆ ಕಾವಲುಗಾರರು. 2016ರ ನೋಟು ರದ್ದಿಗೆ ಮುಂಚೆ ಭಾರತೀಯ ಸಾಂಖ್ಯಿಕ ಸಂಸ್ಥೆ ಮಾಡಿದ ಅಂದಾಜಿನಲ್ಲಿ ಚಲಾವಣೆಯ 10 ಲಕ್ಷ ನೋಟಿಗೆ ಖೋಟಾ ಇದ್ದದ್ದು ಸುಮಾರು 250 ಮಾತ್ರ.

ಜೇನಿಗೆ ಈ ಕಾವಲು ಇಲ್ಲ. ನೀವು ತಿಂದಿರಿ, ಅಲ್ಲಿಗೆ ಮುಗಿಯಿತು. ಅದನ್ನು ಇನ್ನೊಬ್ಬರಿಗೆ ದಾಟಿಸಬೇಕಾಗಿಲ್ಲ, ಹಾಗಾಗಿ ಪರೀಕ್ಷಿಸುವ ದರ್ದೂ ನಿಮಗಿಲ್ಲ. ನಷ್ಟ ಆಗುವವನು ಆ ಅಂಗಡಿ ಮುಂದೆ ಇರುವುದೇ ಇಲ್ಲ.

ಒಂದು ಲೆಕ್ಕ ಹಾಕೋಣ, ಅಂಕಿಗಳು ಸುಮ್ನೆ ಉದಾಹರಣೆಗೆ. ಅಸಲಿ ಜೇನನ್ನು ಕಿಲೋಗೆ 700 ರೂಪಾಯಿಗಿಂತ ಕಮ್ಮಿಗೆ ಕೊಟ್ಟರೆ ನನಗೆ ಪೂರೈಸುವುದಿಲ್ಲ. ಸಕ್ಕರೆ ಪಾಕ ಕಾಯಿಸಿದವನಿಗೆ 200 ಸಿಕ್ಕರೂ ಲಾಭ. ದಾರಿಯಲ್ಲಿ ಅರ್ಧಕ್ಕರ್ಧ ನಕಲಿ ಅಂತ ನಿಮಗೆ ಅನುಮಾನ ಇದೆ ಅಂದುಕೊಳ್ಳಿ. ಆಗ ನೀವು ಎರಡರ ಮಧ್ಯೆ 450ಕ್ಕಿಂತ ಜಾಸ್ತಿ ಬಿಚ್ಚುವುದಿಲ್ಲ. ಆ ಬೆಲೆಗೆ ನನಗೆ ಗಿಟ್ಟಲ್ಲ, ನನ್ನ ಬಾಟಲಿ ವಾಪಸ್ ಮನೆಗೆ. ಈಗ ದಾರಿಯಲ್ಲಿ ಉಳಿದದ್ದರಲ್ಲಿ ನಕಲಿಯದ್ದೇ ಪಾಲು ದೊಡ್ಡದು. ನಿಮ್ಮ ಅನುಮಾನ ಹೆಚ್ಚುತ್ತದೆ, ನೀವು ಕೇಳುವ ಬೆಲೆ ಇನ್ನೂ ಕೆಳಗಿಳಿಯುತ್ತದೆ. ಜಾರ್ಜ್ ಅಕರ್ಲಾಫ್ ಅನ್ನೋ ಅರ್ಥಶಾಸ್ತ್ರಜ್ಞರು 1970ರಲ್ಲಿ ಹಳೇ ಕಾರುಗಳ ವ್ಯಾಪಾರ ಇಟ್ಟುಕೊಂಡು ಇದನ್ನೇ ತೋರಿಸಿದರು. 2001ರಲ್ಲಿ ಅವರಿಗೆ ನೊಬೆಲ್ ಬಂತು.

ಕೊಡಗಿನಲ್ಲಿ ಇದು ಜೋರಾಗಿರುವುದಕ್ಕೆ ಹಳೇ ಕಾರಣವೂ ಇದೆ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನೋ ರೋಗ ಬಂದು ದಕ್ಷಿಣ ಭಾರತದಲ್ಲೆಲ್ಲ ತುಡುವೆ ಕುಟುಂಬಗಳು ರಾಶಿ ರಾಶಿ ಸತ್ತವು. ಪೆಟ್ಟಿಗೆಗಳು ಖಾಲಿಯಾದವು. "ಕೂರ್ಗ್ ಹನಿ" ಅನ್ನೋ ಹೆಸರು ಮಾತ್ರ ಗಟ್ಟಿಯಾಗಿ ಉಳಿಯಿತು, ಆಮೇಲೆ ಪ್ರವಾಸಿಗರು ಬಂದರು. ಹೆಸರಿಗೆ ಬೇಡಿಕೆ ಇದೆ, ಒಳಗೆ ತುಂಬಲು ಮಾಲಿಲ್ಲ. ಮೇಲಾಗಿ ಕೊಳ್ಳುವವರು ಮತ್ತೆ ಬರುವುದಿಲ್ಲ. ನಮಗೆ ದಿನಸಿ ಕೊಡುವ ಅಂಗಡಿಯವರು ಕರಿಮೆಣಸಿಗೆ ಪಪಾಯಿ ಬೀಜ ಬೆರೆಸುವುದಿಲ್ಲ. ಒಳ್ಳೆಯವರು ನಿಜ, ಆದರೆ ನಾಳೆ ಮತ್ತೆ ನಮ್ಮ ಮುಖ ನೋಡಬೇಕಲ್ವಾ?

ಇನ್ನು ಪರೀಕ್ಷೆ. ಒಬ್ಬರು ನಮ್ಮ ಮನೆಗೇ ಬಂದು ಲೋಟದ ನೀರಿಗೆ ಒಂದು ಹನಿ ಬಿಟ್ಟರು. ತಳಕ್ಕೆ ಹೋಗುವ ಮೊದಲೇ ಎಳೆಎಳೆಯಾಗಿ ಕರಗಿತು. "ಕಲಬೆರಕೆ" ಅಂದರು, ಎದ್ದು ಹೋದರು. ನಮ್ಮ ಹವೆಯೇ ಒದ್ದೆ, ತುಡುವೆ ಜೇನಿನಲ್ಲಿ ನೀರಿನಂಶ ಸ್ವಲ್ಪ ಜಾಸ್ತಿ, ಅದು ತೆಳ್ಳಗೇ ಇರುತ್ತದೆ. ಮಳೆಗಾಲದಲ್ಲಿ ಮುಚ್ಚಳ ತೆಗೆದರೆ ಬುಸ್ ಅಂತ ನೊರೆಯೂ ಬರುತ್ತದೆ. ಗಟ್ಟಿಯಾಗಿ ಕಾಯಿಸಿದ ಪಾಕವಾದರೆ ಲೋಟದ ತಳಕ್ಕೆ ಠೀವಿಯಿಂದ ಹೋಗಿ ಕೂರುತ್ತದೆ. ಬಕೆಟ್ಟಿನಲ್ಲಿ ಎರಿ, ಅದರ ಮೇಲೆ ನಾಲ್ಕು ಹುಳ ಕಂಡರೂ ನಂಬಬೇಡಿ, ಎರಿ ಅಸಲಿಯಾಗಿದ್ದು ಸುತ್ತಲಿನದು ಬೆಲ್ಲದ ಪಾಕ ಆಗಿರಬಹುದು. ದೊಡ್ಡ ಮಟ್ಟದಲ್ಲೂ ಇದೇ ಆಟ. ಕಬ್ಬು, ಮೆಕ್ಕೆಜೋಳದ ಸಕ್ಕರೆಯನ್ನು ಹಿಡಿಯುವ ಪರೀಕ್ಷೆ ಬಂತು, ಅದಕ್ಕೆ ಸಿಗದಂತೆ ಅಕ್ಕಿಯಿಂದ ಪಾಕ ಮಾಡಿದರು. ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ 2020ರಲ್ಲಿ 13 ಬ್ರ್ಯಾಂಡುಗಳ ಜೇನನ್ನು ಜರ್ಮನಿಯ ಲ್ಯಾಬಿಗೂ ಕಳಿಸಿತು. ಎಲ್ಲ ಪರೀಕ್ಷೆಯಲ್ಲೂ ಪಾಸಾದದ್ದು ಮೂರೇ.

ಕರಿಮೆಣಸಿನ ಕಥೆ ಸ್ವಲ್ಪ ಬೇರೆ. ವಿಯೆಟ್ನಾಂ ಮೆಣಸೂ ಮೆಣಸೇ, ಕೊಡಗಿನದು ಅಂತ ಹೇಳಿ ಮಾರಿದರೆ ಮೋಸ. ಶ್ರೀಲಂಕಾದಿಂದ ವರ್ಷಕ್ಕೆ 2,500 ಟನ್ ಸುಂಕವಿಲ್ಲದೆ ಬರಬಹುದು, ಆ ದಾರಿಯಲ್ಲಿ ವಿಯೆಟ್ನಾಂ ಮಾಲು ನುಸುಳುತ್ತದೆ ಅನ್ನುವುದು ಬೆಳೆಗಾರರ ಹಳೇ ದೂರು. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಆಮದಿಗೆ ಕಿಲೋಗೆ ಕನಿಷ್ಠ 500 ರೂಪಾಯಿ ಬೆಲೆ ಕಟ್ಟಿದ್ದು ಈ ಒತ್ತಡಕ್ಕೇ. 2019ರಲ್ಲಿ ಕೂರ್ಗ್ ಅರೇಬಿಕಾ ಕಾಫಿಗೆ ಜಿಐ ಟ್ಯಾಗ್, ಅಂದರೆ ಇಂಥ ಊರಿನ ಮಾಲು ಅನ್ನೋ ಕಾನೂನಿನ ಗುರುತು, ಬಂತು. ಒಳ್ಳೆಯದೇ, ಆದರೆ ಪ್ಯಾಕೆಟ್ ಒಳಗೆ ಏನಿದೆ ಅಂತ ಟ್ಯಾಗ್ ಇಣುಕಿ ನೋಡಲ್ಲ.

ದಾರಿ ಬದಿಯ 200 ರೂಪಾಯಿ ರೇಬಾನ್ ಕನ್ನಡಕದ ಬಗ್ಗೆ ನನಗೆ ಅಷ್ಟು ಸಿಟ್ಟಿಲ್ಲ. ಅದು ನಕಲಿ ಅಂತ ಹಾಕಿಕೊಳ್ಳುವವರಿಗೂ ಗೊತ್ತು, ಅವರು ಅಸಲಿ ಕೊಳ್ಳುವ ಗಿರಾಕಿಯೂ ಅಲ್ಲ. ನೀವಾದರೋ ಅಸಲಿ ಜೇನಿಗೇ ಬಂದವರು.

ಮುಂದಿನ ಸಲ ಬಂದಾಗ ನೀರಿನ ಲೋಟ ಬಿಡಿ, ಯಾವ ತಿಂಗಳು ತೆಗೆದ ಜೇನು ಅಂತ ಕೇಳಿ. ಕಾಫಿ ಹೂ ಮುಗಿದ ಮೇಲೆ, ಏಪ್ರಿಲ್-ಮೇ ಅಂದರೆ ಮಾತು ಮುಂದುವರಿಸಿ. ಆಗಸ್ಟಿನ ಜಡಿಮಳೆಯಲ್ಲಿ ನಿಂತು "ಇವತ್ತು ಬೆಳಿಗ್ಗೆ ಕಾಡಿಂದ ತೆಗೆದದ್ದು ಸರ್" ಅಂದರೆ ಒಂದು ಕಾಫಿ ಕುಡಿದು ಹೊರಡಿ.